ಯಾತರ ಮ್ಯಾಲಿಂದ?

ನೀಲಮ್ಮ ಮೇಡಂ ಅವರ ಕೆಂಪು ಪೆನ್ನಿಗೆ ಕಾಗುಣಿತದ ತಪ್ಪು ಕಾಣುತ್ತಿರಲಿಲ್ಲ. ‘ಶಾಲೆ’ಯನ್ನು ‘ಸಾಲೆ’ ಎಂದು ಬರೆದರೂ ಸುಮ್ಮನೆ ದಾಟಿ ಮುಂದಕ್ಕೆ ಹೋಗುತ್ತಿದ್ದರು. ಆದರೆ ಎಲ್ಲಾದರೂ ‘ಅದ್ಭುತ’ ಎಂದು ಬರೆದಿರೋ, ಮುಗೀತು. ಹಾಳೆಯ ಹಿಂಬದಿಗೆ ಗೆರೆ ಮೂಡುವಷ್ಟು ಒತ್ತಿ ಆ ಪದವನ್ನು ಹೊಡೆದುಹಾಕಿ, ಪಕ್ಕದ ಅಂಚಿನಲ್ಲಿ ಎರಡೇ ಪದ ಬರೆಯುತ್ತಿದ್ದರು: “ಯಾತರ ಮ್ಯಾಲಿಂದ?”

ಎಂದರೆ, ಏನನ್ನು ನೋಡಿ ಈ ಮಾತು ಹೇಳುತ್ತಿ, ಆಧಾರ ಎಲ್ಲಿದೆ ಅಂತ. ನಮ್ಮ ಕಡೆ ದನದ ಸಂತೆಯಲ್ಲಿ ಕೇಳುವ ಮಾತು ಇದು. ಎತ್ತಿಗೆ ಇಷ್ಟೇ ವಯಸ್ಸು ಎಂದು ಮಾರುವವ ಹೇಳಿದರೆ, ಕೊಳ್ಳುವವ “ಯಾತರ ಮ್ಯಾಲಿಂದ ಹೇಳ್ತಿ?” ಅನ್ನುತ್ತಾನೆ. ಆಗ ಎತ್ತಿನ ಬಾಯಿ ತೆರೆದು ಹಲ್ಲು ತೋರಿಸಬೇಕು. ಮೇಡಂ ಅದೇ ಮಾತನ್ನು ಆಳಂದದ ನಮ್ಮ ಕಾಲೇಜಿನ ಕನ್ನಡ ತರಗತಿಗೆ ತಂದು, ಮೂರು ವರ್ಷ ನಮ್ಮನ್ನು ಹೈರಾಣ ಮಾಡಿದರು. ಕಡೆಗೆ ಆ ಮಾತೇ ಅವರ ನೌಕರಿ ತಿಂದಿತು, ಅದೂ ನಮ್ಮ ಕೈಯಿಂದ. ಈಗಲೂ ನೆನೆದರೆ ಸಿಟ್ಟು ಬರುತ್ತದೆ. ಅವರ ಮೇಲೆ ಎಷ್ಟು, ನನ್ನ ಮೇಲೆ ಎಷ್ಟು ಎಂದು ಇನ್ನೂ ಲೆಕ್ಕ ಹತ್ತಿಲ್ಲ.

ಅವರು ಅತಿಥಿ ಉಪನ್ಯಾಸಕಿ. ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಿ, ಕರೆದರೆ ಬರಬೇಕು, ಇಲ್ಲದಿದ್ದರೆ ಇಲ್ಲ. ಊರು ಘತ್ತರಗಿ. ಆಳಂದದ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಖೋಲಿ ಹಿಡಿದಿದ್ದರು, ಶನಿವಾರ ಮಧ್ಯಾಹ್ನ ಅಫಜಲಪುರದ ಬಸ್ಸು ಹತ್ತಿ ಊರಿಗೆ ಹೋಗುತ್ತಿದ್ದರು. ಸಣ್ಣ ಆಳು. ಕೈಗಡಿಯಾರದ ಮುಖ ಒಳಕ್ಕೆ ತಿರುಗಿಸಿ ಕಟ್ಟಿಕೊಳ್ಳುತ್ತಿದ್ದರು, ತರಗತಿಗೆ ಬಂದ ಕೂಡಲೇ ರೊಟ್ಟಿ ಬಡಿಯಲು ಕೂತವರ ಹಾಗೆ ಸೆರಗು ಸೊಂಟಕ್ಕೆ ಸಿಕ್ಕಿಸುತ್ತಿದ್ದರು. ದನಿಯಂತೂ ಹಿಂದಿನ ಬೆಂಚಿಗೆ ಕೇಳಿಸುತ್ತಲೇ ಇರಲಿಲ್ಲ. ಜೋರಾಗಿ ಹೇಳ್ರಿ ಮೇಡಂ ಎಂದರೆ, “ಮುಂದ ಬಂದು ಕೂಡ್ರಿ, ಬೆಂಚ್ ಖಾಲಿ ಅದಾವಲ್ಲ” ಅನ್ನುತ್ತಿದ್ದರು.

ಮೊದಲ ವರ್ಷ ಬಂದವರೇ, ಗ್ರಂಥಾಲಯದಿಂದ ಯಾವುದಾದರೂ ಒಂದು ಪುಸ್ತಕ ತೆಗೆದುಕೊಂಡು ವಿಮರ್ಶೆ ಬರೆದು ತನ್ನಿ ಎಂದರು. ನಾವು ಮಟಕಿ, ಭೂಸನೂರ ಅಂತ ಸುತ್ತಲ ಊರುಗಳಿಂದ ಬಸ್ಸಿಗೆ ಜೋತಾಡಿಕೊಂಡು ಬರುವ ಮಕ್ಕಳು. ವಿಮರ್ಶೆ ಎಂದರೆ ನಮಗೆ ಗೊತ್ತಿದ್ದದ್ದು ಒಂದೇ: ಪುಸ್ತಕ ಬರೆದವರು ದೊಡ್ಡವರು, ಅವರಿಗೆ ಹೆಸರಿಡಬಾರದು. ಹಿಂದಿನ ರಕ್ಷಾಪುಟದಲ್ಲಿ ಅವರ ಫೋಟೋ ಬೇರೆ ಇರುತ್ತದೆ, ನಮ್ಮನ್ನೇ ನೋಡುತ್ತಾ. ಆದ್ದರಿಂದ ಇಡೀ ತರಗತಿ ಹೆಚ್ಚುಕಡಿಮೆ ಒಂದೇ ವಿಮರ್ಶೆ ಬರೆಯಿತು. “ಈ ಕೃತಿ ಅದ್ಭುತವಾಗಿದೆ. ಲೇಖಕರು ಮನಮುಟ್ಟುವಂತೆ ಬರೆದಿದ್ದಾರೆ. ಭಾಷೆ ಸರಳವಾಗಿಯೂ ಸುಂದರವಾಗಿಯೂ ಇದೆ. ಪ್ರತಿಯೊಬ್ಬರೂ ಓದಲೇಬೇಕಾದ ಕೃತಿ.” ಪುಸ್ತಕದ ಹೆಸರು ಬದಲಾಯಿಸಿದರೆ ಯಾರ ಹಾಳೆಯನ್ನು ಯಾರಿಗೆ ಬೇಕಾದರೂ ಕೊಡಬಹುದಿತ್ತು.

ಮೇಡಂ ನನ್ನನ್ನು ಎಬ್ಬಿಸಿ ನಿಲ್ಲಿಸಿದರು.

“ಮನಮುಟ್ಟುವಂತೆ ಅಂತ ಬರದೀದಿ. ಯಾವ ಪುಟಕ್ಕ ಮುಟ್ಟಿತವ್ವ?”

“ಎಲ್ಲಾ ಪುಟಕ್ಕೂ ಮುಟ್ಟಿತ್ರಿ ಮೇಡಂ.”

“ಪುಸ್ತಕ ಕೊಡು ಇಲ್ಲಿ.”

ಕೊಟ್ಟೆ. ಅದು ಹಳೇ ಪುಸ್ತಕ. ಅಚ್ಚಾದ ಮೇಲೆ ಹಾಳೆಗಳ ಮೇಲಂಚು ಸರಿಯಾಗಿ ಕತ್ತರಿಸಿರಲಿಲ್ಲ, ಎರಡೆರಡು ಪುಟ ಅಂಟಿಕೊಂಡೇ ಇದ್ದವು. ಬಿಡಿಸದೆ ಓದಲು ಬರುವುದಿಲ್ಲ. ನಾನು ಮುನ್ನುಡಿ ದಾಟಿದ್ದರೆ ತಾನೇ ಬಿಡಿಸುವುದು. ಮೇಡಂ ಅದನ್ನು ಎತ್ತಿ ಎಲ್ಲರಿಗೂ ತೋರಿಸಿದರು, ಬೈಯಲಿಲ್ಲ. ಸ್ಟೀಲಿನ ಪಟ್ಟಿ ತಗೊಂಡು ಒಂದೊಂದೇ ಅಂಚು ಬಿಡಿಸುತ್ತಾ ಪೂರ್ತಿ ತಾಸು ಅಲ್ಲೇ ಕೂತರು. ನಾನು ನಿಂತೇ ಇದ್ದೆ. ಗಂಟೆ ಹೊಡೆದಾಗ ಪುಸ್ತಕ ನನ್ನ ಕೈಗಿಟ್ಟು, “ಇನ್ನ ಓದಾಕ ಬರ್ತದ” ಎಂದರು.

ಆ ಪುಸ್ತಕವನ್ನು ನಾನು ಐದು ಸಲ ವಿಮರ್ಶೆ ಮಾಡಬೇಕಾಯಿತು. ಅದರಲ್ಲಿ ಒಬ್ಬ ದರ್ಜಿ ಹೆಂಗಸಿನ ಕಥೆಯಿತ್ತು. ಎರಡನೇ ಸಲ ನಾನು ಜಾಣತನ ಮಾಡಿ ‘ಅದ್ಭುತ’ ತೆಗೆದು ‘ಅಮೋಘ’ ಹಾಕಿದೆ. ಹೊಡೆದುಹಾಕಿದರು. ಮೂರನೇ ಸಲ, ಮೇಡಂಗೆ ಬೈಗುಳ ಬೇಕೇನೋ ಅಂದುಕೊಂಡು ‘ಕಥೆ ನೀರಸವಾಗಿದೆ’ ಎಂದು ಬರೆದೆ. ಅದನ್ನೂ ಹೊಡೆದು, ಮತ್ತೆ ಅವೇ ಎರಡು ಪದ. ನಾಲ್ಕನೇ ಸಲ ಹಾಳೆ ವಾಪಸ್ ಬಂದಾಗ ತರಗತಿಯಲ್ಲೇ ಅತ್ತುಬಿಟ್ಟೆ. ಹೊಗಳಿದರೂ ಒಲ್ಲೆ, ತೆಗಳಿದರೂ ಒಲ್ಲೆ, ಈ ಹೆಣ್ಣುಮಗಳಿಗೆ ಬೇಕಾದದ್ದಾದರೂ ಏನು? ಮೇಡಂ ನೀರಿನ ಬಾಟಲಿ ಕೊಟ್ಟು, ಕುಡಿಯುವ ತನಕ ಕಾದು, “ನೀ ಓದುವಾಗ ಎಲ್ಲಿ ನಿಂತಿ, ಅಷ್ಟ ಹೇಳು” ಎಂದರು.

ಐದನೇ ಸಲ ಬರೆದೆ. ಆ ಹೆಂಗಸು ಊರವರ ಮದುವೆಗೆಲ್ಲ ಜಂಪರ ಹೊಲಿದು, ಕಡೆಗೆ ತನ್ನ ಮಗಳ ತೋಳಿನ ಅಳತೆ ತೆಗೆಯುತ್ತಾಳೆ. ಹಳೆಯ ಅಳತೆಗಿಂತ ತೋಳು ಸಣ್ಣದಾಗಿದೆ. ಅವಳು ಟೇಪು ಸುತ್ತಿಡುತ್ತಾಳೆ. ‘ಇಲ್ಲಿ ಲೇಖಕರು ಅಳು ಎಂಬ ಪದ ಬರೆದಿಲ್ಲ, ನಾನು ಇಲ್ಲಿ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತೆ’ ಎಂದು ಬರೆದೆ. ಮೇಡಂ ಅಂಚಿನಲ್ಲಿ “ಹೂಂ” ಎಂದು ಬರೆದರು. ಅಷ್ಟೇ. ಆ ಒಂದು ‘ಹೂಂ’ಗೆ ನಾನು ಮಟಕಿಯ ತನಕ ಬಸ್ಸಿನಲ್ಲಿ ನಿಂತೇ ಬಂದರೂ ಕಾಲು ನೋಯಲಿಲ್ಲ.

ಪುಸ್ತಕಕ್ಕಷ್ಟೇ ಆಗಿದ್ದರೆ ತಡೆದುಕೊಳ್ಳಬಹುದಿತ್ತು. ಅವರು ಎಲ್ಲದಕ್ಕೂ ಹಾಗೇ. ಘತ್ತರಗಿಯ ಭಾಗ್ಯವಂತಿ ಗುಡಿಗೆ ಹೋಗಿ ಬಂದ ಹುಡುಗಿ “ದರ್ಶನ ಛಲೋ ಆತ್ರಿ” ಎಂದರೆ, “ಛಲೋ ಅಂದ್ರ? ಪಾಳಿ ಸಣ್ಣದಿತ್ತೋ, ಅಮ್ಮನ ಮುಖ ಕಂಡಿತೋ, ಹೊಳಿಯಾಗ ನೀರಿತ್ತೋ?” ಎಂದು ಶುರು. ಪಾಪ ಆ ಹುಡುಗಿ ಪ್ರಸಾದ ಕೊಡಲು ಬಂದವಳು, ಪ್ರಸಾದ ಕೈಯಲ್ಲಿ ಹಿಡಿದುಕೊಂಡೇ ಹೊಳೆಯ ನೀರಿನ ವರದಿ ಒಪ್ಪಿಸಿ ಹೋದಳು.

ಒಂದು ದಿನ ನನ್ನ ಡಬ್ಬಿಯ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಅವರಿಗೂ ಹಾಕಿದೆ. ನಮ್ಮವ್ವ ಕುಟ್ಟಿದ್ದು. ಬೇರೆ ಮೇಡಂಗಳೆಲ್ಲ “ಭಾಳ ಮಸ್ತ್ ಆಗ್ಯದ” ಎಂದರು. ಇವರು ಬಾಯಲ್ಲಿಟ್ಟುಕೊಂಡು, ಕಣ್ಣು ಮುಚ್ಚಿ, ನಿಧಾನಕ್ಕೆ ಹೇಳಿದರು: “ಬಳ್ಳೊಳ್ಳಿ ಹಸೀದು ಹಾಕ್ಯಾರ. ಖಾರ ಮೊದಲ ಬರ್ತದ, ಉಪ್ಪು ಹಿಂದಿಂದ ಬರ್ತದ. ಜೀರಗಿ ಜರಾ ಹೊತ್ತ್ಯದ.” ನನಗೆ ಮೈಯೆಲ್ಲ ಉರಿಯಿತು. ಸಂಜೆ ಮನೆಗೆ ಹೋಗಿ ಅವ್ವನ ಮುಂದೆ ಒದರಿದೆ. ಅವ್ವನೂ ಸಿಟ್ಟಾದಳು.

“ನನ್ನ ಹಿಂಡಿಗೆ ಹೆಸರಿಡ್ತಾಳೇನ ಆಕಿ?”

ಮರುವಾರ ನಾನು ಕೇಳದೆಯೇ ಅವ್ವ ಬೇರೆ ಡಬ್ಬಿ ಕಟ್ಟಿಟ್ಟಿದ್ದಳು. “ನಿಮ್ಮ ಮೇಡಂಗ ಕೊಡು. ಈ ಸಲ ಜೀರಗಿ ಹೊತ್ತಿಲ್ಲ ಅಂತ ಹೇಳು.” ಅವ್ವ ಒಲೆಯ ಕಡೆ ತಿರುಗಿ ಹೇಳಿದಳು: “ನಿಮ್ಮಪ್ಪ ಲಗ್ನಾದಾಗಿಂದ ಛಲೋ ಆಗ್ಯದ, ಛಲೋ ಆಗ್ಯದ ಅಂತಾನ. ಪೇಪರ್ ನೋಡ್ಕೋತ ಅಂತಾನ. ಒಬ್ಬರರ ಬಾಯಾಗ ಇಟ್ಕೊಂಡು ನೋಡ್ಯಾರಲ್ಲ.”

ಆವತ್ತಿನಿಂದ ನಮ್ಮ ಮನೆಯಲ್ಲಿ ಮೇಡಂಗೆ ಹೆಸರಿಡಲು ನನಗೆ ಯಾರೂ ಸಾಥ್ ಕೊಡಲಿಲ್ಲ.

ಮೂರನೇ ವರ್ಷದ ಕಡೆಯಲ್ಲಿ ಆ ಫಾರ್ಮ್ ಬಂತು. ವಿದ್ಯಾರ್ಥಿಗಳ ಅಭಿಪ್ರಾಯ ಪತ್ರ. ಪಾಠದ ಬಗ್ಗೆ ಟಿಕ್ ಹಾಕಲು ನಾಲ್ಕು ಚೌಕ, ಕೆಳಗೆ ಬರೆಯಲು ಎರಡು ಗೆರೆ. ಕನ್ನಡ ವಿಭಾಗದಲ್ಲಿ ಇಬ್ಬರು ಅತಿಥಿ ಉಪನ್ಯಾಸಕರಿದ್ದರು, ನಮ್ಮ ಸೆಕ್ಷನ್ನಿಗೆ ನೀಲಮ್ಮ ಮೇಡಂ, ಪಕ್ಕದ ಸೆಕ್ಷನ್ನಿಗೆ ಕಲ್ಲಪ್ಪ ಸರ್. ಮುಂದಿನ ವರ್ಷ ಒಬ್ಬರಿಗಾಗುವಷ್ಟೇ ಪಾಠ. ಯಾರು ಉಳಿಯಬೇಕೆಂಬುದನ್ನು ಮಕ್ಕಳ ಅಭಿಪ್ರಾಯ ನೋಡಿ ತೀರ್ಮಾನಿಸುವುದು ಎಂದು ಆಡಳಿತ ಮಂಡಳಿ ಹೇಳಿತ್ತು. ಇದನ್ನು ನಮಗೆ ಹೇಳಿದವರು ಕಲ್ಲಪ್ಪ ಸರ್ ಅವರೇ. ಒಳ್ಳೆಯ ಮನುಷ್ಯ, ನೋಟ್ಸ್ ಬರೆಸುತ್ತಿದ್ದರು, ನಗಿಸುತ್ತಿದ್ದರು.

“ನಾ ಹೇಳಬಾರದು, ಆದ್ರೂ ಹೇಳ್ತೇನಿ. ಇದು ಪುಸ್ತಕದ ವಿಮರ್ಶೆ ಅಲ್ಲ. ಎಲ್ಲಾ ಕಡೆ ಅತ್ಯುತ್ತಮ ಅಂತ ಟಿಕ್ ಹಾಕ್ರಿ. ನನ್ನ ಮಕ್ಕಳು ನನಗ ಹಾಕ್ತಾರ, ನೀವು ನಿಮ್ಮ ಮೇಡಂಗ ಹಾಕ್ರಿ. ಆಮ್ಯಾಲ ನಮ್ಮ ನಸೀಬು.”

ಅಷ್ಟು ಬಿಡಿಸಿ ಹೇಳಿದರು. ಸಣ್ಣ ಮಕ್ಕಳಿಗೂ ತಿಳಿಯುವ ಹಾಗೆ. ಆದರೆ ನಾವು ಮೂರು ವರ್ಷ ಕೆಂಪು ಪೆನ್ನಿನ ಕೈಯಲ್ಲಿ ಪಳಗಿದ ಶಾಣ್ಯಾರು. ಬೇವಿನ ಗಿಡದ ಕೆಳಗೆ ಕೂಡಿ ಮೀಟಿಂಗ್ ಮಾಡಿದೆವು. ಮೇಡಂ ಅವರನ್ನು ಉಳಿಸಿಕೊಳ್ಳಲೇಬೇಕು, ಅದರಲ್ಲಿ ಎರಡು ಮಾತಿರಲಿಲ್ಲ. ಬೈದುಕೊಂಡೇ ಓದಿದ್ದೆವು, ನಿಜ, ಆದರೆ ಅವರಿಲ್ಲದ ಕಾಲೇಜನ್ನು ನಮ್ಮ ಹಿಂದೆ ಬರುವವರಿಗೆ ಬಿಟ್ಟುಹೋಗಲು ಮನಸ್ಸಿರಲಿಲ್ಲ. ಬರೀ ಟಿಕ್ ಹಾಕಿದರೆ ಯಾರು ನಂಬುತ್ತಾರೆ ಎಂದು ನಾನೇ ವಾದ ಮಾಡಿದೆ. ಟಿಕ್ಕಿಗೆ ಆಧಾರ ಎಲ್ಲಿದೆ? ಕಲ್ಲಪ್ಪ ಸರ್ ಮಕ್ಕಳು ಕಣ್ಣು ಮುಚ್ಚಿ ಟಿಕ್ ಹಾಕುತ್ತಾರೆ, ನಾವು ಕಂಡದ್ದನ್ನು ಬರೆಯೋಣ, ಓದಿದವರಿಗೆ ತಾನೇ ಗೊತ್ತಾಗುತ್ತದೆ. ಎಲ್ಲರೂ ಹೌದು ಎಂದರು. ನಮ್ಮ ಇಡೀ ಸೆಕ್ಷನ್ ನಾಲ್ಕೂ ಚೌಕಗಳನ್ನು ಖಾಲಿ ಬಿಟ್ಟು, ಕೆಳಗಿನ ಎರಡು ಗೆರೆ ಸಾಲದೆ, ಹಿಂದೆ ಹಾಳೆ ಅಂಟಿಸಿ ಬರೆಯಿತು.

ಈಗ ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ. ಒಬ್ಬಳು ಬರೆದಿದ್ದಳು: ‘ಒಂದೇ ಪುಟವನ್ನು ಮೂರು ದಿನ ಓದಿಸಿದರು. ಆ ಪುಟ ನನಗೆ ಈಗಲೂ ಬಾಯಿಪಾಠ.’ ಇನ್ನೊಬ್ಬಳು: ‘ಮೇಡಂ ದನಿ ಕೇಳಿಸುವುದಿಲ್ಲ. ಅದಕ್ಕೇ ಮೊದಲ ಬೆಂಚಿಗೆ ಬಂದೆ.’ ನಾನು: ‘ನನ್ನ ಬರಹವನ್ನು ನಾಲ್ಕು ಸಲ ವಾಪಸ್ ಕೊಟ್ಟರು. ನಾಲ್ಕನೆಯ ಸಲ ಅತ್ತುಬಿಟ್ಟೆ. ಐದನೆಯದನ್ನು ನಾನೇ ಮನೆಯಲ್ಲಿ ಎರಡು ಸಲ ಓದಿಕೊಂಡೆ.’ ಇದಕ್ಕಿಂತ ದೊಡ್ಡ ಹೊಗಳಿಕೆ ಭೂಮಿಯ ಮೇಲೆ ಇಲ್ಲ ಎಂದು ನಂಬಿದ್ದೆವು. ಹಾಗಿದ್ದರೂ ಮಡಚುವ ಮೊದಲು ನನಗೆ ಎಲ್ಲೋ ಅಳುಕಿತು. ಕೆಳಗೆ ಗಡಬಡಿಸಿ ಒಂದು ಸಾಲು ಸೇರಿಸಿದೆ: ‘ಒಟ್ಟಿನಲ್ಲಿ ಮೇಡಂ ಬಹಳ ಒಳ್ಳೆಯವರು.’

ಎರಡು ದಿನ ಬಿಟ್ಟು ಪ್ರಿನ್ಸಿಪಾಲರು ನನ್ನನ್ನು ಕರೆಸಿದರು, ನಾನು ಕ್ಲಾಸ್ ಲೀಡರ್ ಅಂತ. ಆಡಳಿತ ಮಂಡಳಿಯ ಹಿರಿಯರೊಬ್ಬರೂ ಕೂತಿದ್ದರು. ಮೇಜಿನ ಮೇಲೆ ನಮ್ಮ ಹಾಳೆಗಳು.

“ಟಿಕ್ ಎಲ್ಲದವ್ವ?”

“ಟಿಕ್ ಹಾಕಿಲ್ರಿ ಸರ್. ಬರದೇವ್ರಿ.”

“ಅದ ಹೇಳಾಕತ್ತೇನಿ. ಬರದಿದ್ದು ಎಣಸಾಕ ಬರಂಗಿಲ್ಲ.”

ಹಿರಿಯರು ಕನ್ನಡಕ ಮೇಲೇರಿಸಿ ನನ್ನ ಹಾಳೆಯನ್ನೇ ಎತ್ತಿಕೊಂಡರು. ಯಾರದೆಂದು ಅವರಿಗೆ ಗೊತ್ತಿರಲಿಲ್ಲ. “ನಾಲ್ಕನೆಯ ಸಲ ಅತ್ತುಬಿಟ್ಟೆ ಅಂತ ಯಾರೋ ಬರದಾರ. ಖರೇ ಏನು? ಮಕ್ಕಳನ್ನ ಅಳಸ್ತಾರೇನು?”

“ಅತ್ತಿದ್ದು ಖರೇರಿ. ಆದ್ರ ಅದು ಛಲೋದಕ್ಕ ಬರದದ್ದರಿ.”

“ಅತ್ತಿದ್ದು ಛಲೋ ಹೆಂಗ ಆಗ್ತದವಾ?”

ಪ್ರಿನ್ಸಿಪಾಲರಿಗೆ ಮೇಡಂ ಬಗ್ಗೆ ಸಿಟ್ಟೇನಿರಲಿಲ್ಲ, ಅವರೇ ದಾರಿ ಮಾಡಿಕೊಟ್ಟರು. “ಇಷ್ಟ ಹೇಳು. ನಿಮ್ಮ ಮೇಡಂ ಪಾಠ ಅತ್ಯುತ್ತಮ ಅದನೋ, ಹೆಂಗ?” ಒಂದು ಪದ. ಹೌದ್ರಿ ಅತ್ಯುತ್ತಮ, ಅಂದಿದ್ದರೆ ಆಗುತ್ತಿತ್ತು. ಆದರೆ ಅಂಥ ಪದ ಮೂರು ವರ್ಷದಲ್ಲಿ ನನ್ನ ಹಾಳೆಗಳಲ್ಲಿ ಎಷ್ಟು ಸಲ ಹೊಡೆತ ತಿಂದಿತ್ತೋ, ಬಾಯಿಗೆ ತಂದುಕೊಳ್ಳಲು ನಾಚಿಕೆಯಾಯಿತು. “ಅವರು ನಮಗ ಓದಸ್ತಾರ್ರಿ” ಎಂದೆ. ಹಿರಿಯರು, ಅದಕ್ಕೇ ಅಲ್ಲವೇ ಅವರನ್ನು ಇಟ್ಟುಕೊಂಡದ್ದು ಅನ್ನುವ ಹಾಗೆ ಪ್ರಿನ್ಸಿಪಾಲರ ಮುಖ ನೋಡಿದರು.

ಆದರೂ ಪ್ರಿನ್ಸಿಪಾಲರು ಹೊಸ ಫಾರ್ಮುಗಳ ಕಟ್ಟು ಮೇಡಂ ಕೈಗೆ ಕಳಿಸಿದರು, ನಾಳೆ ಸರಿಯಾಗಿ ತುಂಬಿಸಿ ಕೊಡಿ ಎಂದು. ನಮಗೆ ಜೀವ ಬಂತು. ಮರುದಿನ ಮೇಡಂ ಬಂದರು, ಸೆರಗು ಸಿಕ್ಕಿಸಿದರು, ಪಾಠ ಮಾಡಿದರು, ಹೋದರು. ಫಾರ್ಮ್ ಹಂಚಲಿಲ್ಲ. ನಾನು ಸ್ಟಾಫ್ ರೂಮಿನ ತನಕ ಬೆನ್ನು ಹತ್ತಿದೆ.

“ಮೇಡಂ, ಫಾರ್ಮ್ ಕೊಡ್ರಿ. ಐದು ಮಿಂಟಿನಾಗ ಟಿಕ್ ಹಾಕಿ ಕೊಡ್ತೇವ್ರಿ.”

“ಹಾಕಿ?”

“ಹಾಕಿದ್ರ ನೀವು ಉಳೀತೀರಿ.”

ಅವರು ಕೈಚೀಲ ಮುಚ್ಚಿದರು. “ನೋಡು ಬೇ, ಆ ಹಾಳಿ ನಾ ಎಲ್ಲಾ ಓದೇನಿ. ಯಾರೂ ಯಾರದೂ ನೋಡಿ ಬರದಿಲ್ಲ. ಒಂದರಂಗ ಇನ್ನೊಂದಿಲ್ಲ. ಇಷ್ಟು ವರ್ಷದಾಗ ಹಿಂಗಾಗಿದ್ದು ಇದ ಮೊದಲನೇ ಸಲ. ಅದನ್ನ ಹರದು, ಟಿಕ್ ಹಾಕ್ರಿ ಅಂತ ನಾನ ಹೇಳಬೇಕೇನು?”

“ಹೇಳ್ರಿ ಮೇಡಂ. ಏನಾಗ್ತದ?” ನನ್ನ ದನಿ ಏರಿತ್ತು. ಗುರುಗಳ ಮುಂದೆ ಹಾಗೆ ಮಾತಾಡಿದ್ದು ಅದೊಂದೇ ಸಲ. “ನಿಮ್ಮ ಹಟಕ್ಕ ನಮ್ಮನ್ನ ಯಾಕ ಪಾಪಕ್ಕ ಹಾಕ್ತೀರಿ?”

ಅವರು ಸಿಟ್ಟಾಗಲಿಲ್ಲ. “ಪಾಪ ಅಂದ್ರ ದೊಡ್ಡ ಮಾತಾತು” ಎಂದು ಎದ್ದು ಹೋದರು. ಇಂಥವರನ್ನು ಏನು ಮಾಡುವುದು ಹೇಳಿ.

ಮುಂದಿನ ವರ್ಷಕ್ಕೆ ಕಲ್ಲಪ್ಪ ಸರ್ ಹೆಸರು ಬಂತು. ಅವರು ಎರಡು ದಿನ ನಮ್ಮ ಸೆಕ್ಷನ್ನಿನ ಮುಂದೆ ತಲೆ ತಗ್ಗಿಸಿಕೊಂಡು ಓಡಾಡಿದರು.

ಕಡೆಯ ದಿನ ಮೇಡಂ ಒಂದು ಕಟ್ಟು ಹಾಳೆ ತಂದರು. ನಮ್ಮ ಅಭಿಪ್ರಾಯ ಪತ್ರಗಳು. ಮೂಲ ಪ್ರತಿ ಆಫೀಸಿನ ಫೈಲಿಗೆ ಹೋಗುವ ಮೊದಲು ಪ್ರಿನ್ಸಿಪಾಲರನ್ನು ಕೇಳಿ, ಎಲ್ಲವನ್ನೂ ಝೆರಾಕ್ಸ್ ಮಾಡಿಸಿಕೊಂಡಿದ್ದರಂತೆ. ತಮ್ಮ ಕೆಲಸ ಕಳೆದ ಆ ಹಾಳೆಗಳನ್ನು ಖೋಲಿಯಲ್ಲಿ ಕೂತು ಕೆಂಪು ಪೆನ್ನಿನಿಂದ ತಿದ್ದಿ ತಂದಿದ್ದರು. ಮೇಜಿನ ಮೇಲೆ ಹರಡಿ, “ಹೆಸರು ಬರದಿಲ್ಲ ನೀವು. ನಿಮ್ಮ ನಿಮ್ಮ ಅಕ್ಷರ ನಿಮಗ ಗೊತ್ತದ. ತಗೊಂಡು ಹೋಗ್ರಿ” ಎಂದು, ನಮಗೆ ಮುಖ ಕಾಣದಂತೆ ಕಿಟಕಿಯ ಕಡೆ ತಿರುಗಿ ನಿಂತರು.

ಒಬ್ಬೊಬ್ಬರೇ ಹೋಗಿ ಎತ್ತಿಕೊಂಡೆವು. ದನಿ ಕೇಳಿಸುವುದಿಲ್ಲ ಎಂದವಳ ಹಾಳೆಯಲ್ಲಿ “ಹೂಂ, ಖರೇ” ಎಂದಿತ್ತು. ನನ್ನದರಲ್ಲಿ ಅತ್ತ ಸಾಲಿನ ಪಕ್ಕ ಒಂದು ‘ಹೂಂ’, ಮನೆಯಲ್ಲಿ ಓದಿಕೊಂಡ ಸಾಲಿನ ಪಕ್ಕ ಇನ್ನೊಂದು. ಎರಡು ‘ಹೂಂ’ ಯಾರಿಗೂ ಬಿದ್ದಿರಲಿಲ್ಲ. ಕೆಳಗೆ ‘ಒಟ್ಟಿನಲ್ಲಿ ಮೇಡಂ ಬಹಳ ಒಳ್ಳೆಯವರು’ ಎಂಬ ಸಾಲಿಗೆ ಮಾತ್ರ, ಹಾಳೆ ಹರಿಯುವ ಹಾಗೆ ಗೆರೆ. ಅಂಚಿನಲ್ಲಿ ಅವೇ ಎರಡು ಪದ. ನನಗೆ ನಗು, ಅಳು, ಸಿಟ್ಟು ಮೂರೂ ಒಟ್ಟಿಗೆ ಬಂದವು. ತಿರುಗಿ ನೋಡಿದರೆ ಮೇಡಂ ಬಾಗಿಲು ದಾಟಿದ್ದರು. ಮುಂದೆ ಅವರನ್ನು ನಾನು ನೋಡಲಿಲ್ಲ.

ನಾನೀಗ ಜೇವರ್ಗಿಯ ಹತ್ತಿರ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರು. ನನ್ನ ಮಕ್ಕಳು ‘ಅದ್ಭುತ’ವನ್ನೂ ಬಿಟ್ಟಿದ್ದಾರೆ. ಪುಸ್ತಕವಾಗಲಿ, ಪ್ರವಾಸವಾಗಲಿ, ಬಿಸಿಯೂಟವಾಗಲಿ, ಎಲ್ಲ ‘ಸೂಪರ್’. ಮೊಬೈಲಿನಲ್ಲಿ ಐದು ನಕ್ಷತ್ರದ ಚಿಕ್ಕಿ ಒತ್ತಿ ಕಲಿತವರಿಗೆ ಅಷ್ಟು ಬರೆಯುವುದೂ ಹೆಚ್ಚು. ಅವರ ಹಾಳೆ ತಿದ್ದುವಾಗ ನನ್ನ ಕೈ ತಾನಾಗಿ ಅಂಚಿಗೆ ಹೋಗುತ್ತದೆ, ಬರೆಯುತ್ತದೆ. ಮಕ್ಕಳು ಮುಖ ಸಿಂಡರಿಸುತ್ತಾರೆ. ಈ ರೋಗ ಹಚ್ಚಿ ಹೋದವರನ್ನು ಆಗ ಮನಸ್ಸಿನಲ್ಲೇ ಬೈದುಕೊಳ್ಳುತ್ತೇನೆ.

ಹೋದ ತಿಂಗಳು ನಮ್ಮ ಹಳೇ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಂತು, ನೀಲಮ್ಮ ಮೇಡಂ ಘತ್ತರಗಿಯಲ್ಲಿ ತೀರಿಕೊಂಡರಂತೆ. ಅರ್ಧ ತಾಸಿನಲ್ಲಿ ಗುಂಪು ತುಂಬಿಹೋಯಿತು. ಆದರ್ಶ ಗುರುಮಾತೆ. ಅಪರೂಪದ ವ್ಯಕ್ತಿತ್ವ. ತುಂಬಲಾರದ ನಷ್ಟ. ಕೈಮುಗಿದ ಚಿತ್ರಗಳು. ಬರೆದವರೆಲ್ಲ ಅವರ ಕೆಂಪು ಪೆನ್ನು ತಿಂದವರೇ, ಒಬ್ಬರದು ನೋಡಿ ಒಬ್ಬರು ಬರೆದಿದ್ದರು. ನಾನೂ ‘ಮೇಡಂ ಬಹಳ ಒಳ್ಳೆಯವರು’ ಎಂದು ಬರೆದೆ. ಅಳಿಸಿದೆ.

ಪೆಟ್ಟಿಗೆಯಿಂದ ಆ ಝೆರಾಕ್ಸ್ ಹಾಳೆ ತೆಗೆದೆ. ಅವರು ಹಿಂತಿರುಗಿಸಿದ್ದನ್ನೆಲ್ಲ ನಾನು ಮತ್ತೆ ಬರೆದು ಕೊಟ್ಟಿದ್ದೆ, ಇದೊಂದನ್ನು ಬಿಟ್ಟು. ಕೇಳಿದ ಪ್ರಶ್ನೆ ಅಂಚಿನಲ್ಲಿ ಹಾಗೇ ಇದೆ. ಅಲ್ಲಿ ಜಾಗ ಸಾಲುವುದಿಲ್ಲ ಎಂದು ಬೇರೆ ಹಾಳೆ ತೆಗೆದುಕೊಂಡು, ಅಂಟಿದ ಪುಟ ಬಿಡಿಸಿದ್ದು, ಜೀರಗಿ ಹೊತ್ತಿದ್ದು, ಕೈಚೀಲ ಮುಚ್ಚಿದ್ದು ಎಲ್ಲ ಬರೆದೆ. ಹೊಡೆದುಹಾಕಿದ ಆ ಸಾಲನ್ನು ಕಡೆಯಲ್ಲಿ ಮತ್ತೊಮ್ಮೆ ಬರೆಯುತ್ತಿದ್ದೇನೆ. ನೀಲಮ್ಮ ಮೇಡಂ ಬಹಳ ಒಳ್ಳೆಯವರು.

ಇದರ ಮ್ಯಾಲಿಂದ್ರಿ, ಮೇಡಂ.